ಹಳೆಯ ಭೂಪಟಗಳಲ್ಲಿ ಹೊನ್ನಾವರ ಮತ್ತು ಗೇರುಸೊಪ್ಪೆ

ಪಶ್ಚಿಮ ಸಮುದ್ರತೀರದ ಪಟ್ಟಣಗಳ ಪೂರ್ವವೃತ್ತಾಂತವನ್ನು ಅರಿಯಲು ವಿದ್ವಾಂಸರು ಶಿಲಾಶಾಸನ, ತಾಮ್ರಪಟ, ಕೈಫಿಯತ್ತು ಹಾಗೂ ಪರದೇಶದ ಯಾತ್ರಿಕರ ಬರಹಗಳನ್ನು ಆಶ್ರಯಿಸುವುದು ರೂಢಿ. ಇವುಗಳ ಸಾಲಿಗೆ ಸೇರಬೇಕಾದ, ಆದರೆ ಅಷ್ಟಾಗಿ ಗಣನೆಗೆ ಬಾರದ ಇನ್ನೊಂದು ಸಾಧನವಿದೆ. ಅದು ಹಳೆಯ ಭೂಪಟ. ಭೂಪಟವನ್ನು ಬರೆದ ಮೋಜಣಿದಾರನು ಇತಿಹಾಸ ರಚಿಸಲು ಹೊರಟವನಲ್ಲ. ಸೈನ್ಯವು ಯಾವ ದಾರಿಯಲ್ಲಿ ಸಾಗಬೇಕು, ಹೊಳೆಯನ್ನು ಎಲ್ಲಿ ದಾಟಬೇಕು, ಕಂದಾಯ ಎಲ್ಲಿಂದ ಬರಬೇಕು ಎಂಬುದಷ್ಟೇ ಅವನ ಚಿಂತೆ. ಯಾವ ರಾಜನನ್ನೂ ಹೊಗಳುವ ಅಗತ್ಯ ಅವನಿಗಿರಲಿಲ್ಲವಾದ್ದರಿಂದ ಅವನ ಸಾಕ್ಷ್ಯಕ್ಕೆ ಪ್ರತ್ಯೇಕವಾದ ಬೆಲೆಯಿದೆ. ಅವನು ಬಿಟ್ಟುಹೋದ ಸಂಗತಿಗಳನ್ನು ಗಮನಿಸುವುದೂ ಅಷ್ಟೇ ಅವಶ್ಯಕ.

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರವು ಶರಾವತಿಯ ಅಳಿವೆಯ ಉತ್ತರ ದಡದಲ್ಲಿರುವ ಪುರಾತನ ಬಂದರು. ಜೈನ ಧರ್ಮಬಂಧುಗಳಿಗೆ ಈ ಪಟ್ಟಣಕ್ಕಿಂತ ಗೇರುಸೊಪ್ಪೆಯ ಹೆಸರೇ ಹೆಚ್ಚು ಪರಿಚಿತವೆಂಬುದು ಸಹಜ. ಚತುರ್ಮುಖ ಬಸದಿಯ ದರ್ಶನಕ್ಕೆ ಹೊರಟ ಯಾತ್ರಿಕರಿಗೆ ಹೊನ್ನಾವರವೆಂದರೆ ದಾರಿಯಲ್ಲಿ ಸಿಗುವ ಒಂದು ಬಸ್ಸು ನಿಲ್ದಾಣ ಮಾತ್ರ. ಬಂದರಿನ ಕಡೆಗೆ ಕಾಲಿಡುವವರು ವಿರಳ. ಹೊನ್ನಾವರದ ಚರಿತ್ರೆಯನ್ನು ಓದುವವರು ಪೋರ್ಚುಗೀಸರ ಮತ್ತು ಆಂಗ್ಲರ ಯುದ್ಧಗಳನ್ನು ಓದುತ್ತಾರೆ. ಗೇರುಸೊಪ್ಪೆಯ ಚರಿತ್ರೆಯನ್ನು ಓದುವವರು ಸಾಳುವ ಅರಸರನ್ನೂ ರಾಣಿ ಚೆನ್ನಭೈರಾದೇವಿಯನ್ನೂ ಸ್ಮರಿಸುತ್ತಾರೆ. ಹೀಗೆ ಒಂದೇ ನದಿಯ ಎರಡು ಊರುಗಳ ಕಥೆ ಎರಡು ಬೇರೆ ಪುಸ್ತಕಗಳಾಗಿ ಹೋಗಿದೆ. ಅವು ಒಂದೇ ವ್ಯಾಪಾರದ ಎರಡು ತುದಿಗಳಾಗಿದ್ದವೆಂಬುದು ಭೂಪಟವನ್ನು ಹರಡಿಕೊಂಡು ಕುಳಿತಾಗ ಸ್ಪಷ್ಟವಾಗುತ್ತದೆ.

ಈ ಬೇರ್ಪಡಿಕೆಗೆ ಭೂಪಟದ ಹಾಳೆಗಳೂ ಸ್ವಲ್ಪ ಮಟ್ಟಿಗೆ ಕಾರಣವೆನ್ನಬಹುದು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಕ್ರಮದಂತೆ ಒಂದೊಂದು ಹಾಳೆಯೂ ಅಕ್ಷಾಂಶ ರೇಖಾಂಶಗಳಲ್ಲಿ ತಲಾ ೧೫ ನಿಮಿಷಗಳಷ್ಟು, ಅಂದರೆ ಹೆಚ್ಚು ಕಡಿಮೆ ೨೭ ಕಿಲೋಮೀಟರು ಉದ್ದಗಲದ ಪ್ರದೇಶವನ್ನು ಒಳಗೊಳ್ಳುತ್ತದೆ. ಹೊನ್ನಾವರ ಪಟ್ಟಣವು ೪೮ ಜೆ/೭ ಎಂಬ ಹಾಳೆಯಲ್ಲಿದೆ. ಉತ್ತರದ ಅಂಚಿನಲ್ಲಿ ಮಿರ್ಜಾನಿನ ಕೋಟೆ, ನಡುವೆ ಕುಮಟೆ, ಅದರ ಕೆಳಗೆ ಹಳದೀಪುರ, ಕೊನೆಗೆ ಆಗ್ನೇಯ ಮೂಲೆಯಲ್ಲಿ ಹೊನ್ನಾವರ. ಊರಿನಿಂದ ದಕ್ಷಿಣಕ್ಕೆ ಸ್ವಲ್ಪ ಸರಿದರೆ ೪೮ ಜೆ/೮ ಬೇಕು. ಹೊಳೆಯನ್ನು ಹಿಡಿದು ಮೇಲೆ ಸಾಗಿದರೆ ೪೮ ಜೆ/೧೧ ಬೇಕು. ಗೇರುಸೊಪ್ಪೆಯನ್ನು ಮುಟ್ಟುವಾಗ ೪೮ ಜೆ/೧೨ಕ್ಕೆ ಬಂದಿರುತ್ತೇವೆ. ಈ ನಾಲ್ಕು ಹಾಳೆಗಳೂ ಕೂಡುವ ಮೂಲೆಯು ಹೊನ್ನಾವರದಿಂದ ಸುಮಾರು ನಾಲ್ಕೇ ಮೈಲಿ ದೂರದಲ್ಲಿದೆ. ಪಟ್ಟಣದ ಹಾಳೆಯನ್ನಷ್ಟೇ ತರಿಸಿಕೊಂಡು ನೋಡಿದವನಿಗೆ ಸಮುದ್ರ, ಅಳಿವೆ, ಪೇಟೆ ಕಾಣುತ್ತವೆಯೇ ಹೊರತು ಆ ಪೇಟೆಗೆ ಸರಕು ಎಲ್ಲಿಂದ ಬರುತ್ತಿತ್ತೆಂಬುದು ಕಾಣುವುದಿಲ್ಲ. ನಾಲ್ಕನ್ನೂ ಅಂಟಿಸಿಕೊಂಡು ನೋಡುವುದೇ ಸರಿಯಾದ ಕ್ರಮ.

ಅಳತೆಯ ಭೂಪಟಗಳು ಹುಟ್ಟುವ ಮುನ್ನ ಯಾತ್ರಿಕರ ಮಾತೇ ಭೂಪಟವಾಗಿತ್ತು. ಸುಮಾರು ೧೩೪೨ರಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನು ಈ ಊರನ್ನು ಹಿನಾವ್ರ್ ಎಂದು ಕರೆದಿದ್ದಾನೆ. ದೊಡ್ಡ ಹಡಗುಗಳು ಒಳಗೆ ಬರಬಲ್ಲ ವಿಶಾಲವಾದ ಹಿನ್ನೀರಿನ ದಡದಲ್ಲಿ, ಸಮುದ್ರದಿಂದ ಅರ್ಧ ಮೈಲಿ ಒಳಗೆ ಊರಿದೆಯೆಂದೂ, ಮಳೆಗಾಲದ ನಾಲ್ಕು ತಿಂಗಳು ಅಲ್ಲಿ ನೌಕೆ ನಡೆಸುವುದು ಅಸಾಧ್ಯವೆಂದೂ ಅವನು ಹೇಳುತ್ತಾನೆ. ಅಲ್ಲಿ ಬಾಲಕಿಯರಿಗೆ ೧೩ ಮತ್ತು ಬಾಲಕರಿಗೆ ೨೩ ಪಾಠಶಾಲೆಗಳಿದ್ದವೆಂಬ ಅವನ ಮಾತು ಆ ಕಾಲದ ಬಂದರಿನ ಸಮೃದ್ಧಿಗೆ ಸಾಕ್ಷಿ. ಪಾಠಶಾಲೆಗಳ ಮಾತು ಹಾಗಿರಲಿ. ಹಿನ್ನೀರು, ಅಳಿವೆ, ಊರು ಇವುಗಳ ಪರಸ್ಪರ ಸ್ಥಾನವನ್ನು ಅವನು ವರ್ಣಿಸಿದ ಕ್ರಮಕ್ಕೂ ಇಂದಿನ ಹಾಳೆಯ ಮೇಲಿನ ಚಿತ್ರಕ್ಕೂ ಹೆಚ್ಚಿನ ಭೇದವಿಲ್ಲ.

ಪೋರ್ಚುಗೀಸರು ಬಂದ ಮೇಲೆ ಊರು ಓನೋರ್ ಆಯಿತು. ಅವರ ನಾಲಗೆಯಲ್ಲಿ ಹಕಾರ ನಿಲ್ಲುವುದಿಲ್ಲ. ೧೫೦೫ರಲ್ಲಿ ಅಲ್ಮೇಡನು ಈ ಬಂದರಿನ ಹಡಗುಗಳನ್ನು ಸುಟ್ಟನು. ೧೫೬೯ರಲ್ಲಿ ಲೂಯಿಸ್ ಡಿ ಅಟೈಡೆಯು ಗೇರುಸೊಪ್ಪೆಯ ರಾಣಿಯ ಅಧೀನದಲ್ಲಿದ್ದ ಹೊನ್ನಾವರವನ್ನು ವಶಪಡಿಸಿಕೊಂಡನು. ೧೬೩೫ರಲ್ಲಿ ಬೊಕಾರೊ ಎಂಬಾತನು ಪೋರ್ಚುಗೀಸರ ಪೂರ್ವದೇಶದ ಕೋಟೆಗಳನ್ನೆಲ್ಲ ವರ್ಣಿಸಿ ಸಿದ್ಧಪಡಿಸಿದ ಗ್ರಂಥದಲ್ಲಿ ಓನೋರಿನ ಕೋಟೆಯ ಚಿತ್ರಪಟವೂ ಇದೆ. ಅದು ಅಳತೆಗೆ ಹೊಂದುವ ಭೂಪಟವಲ್ಲ, ಹಕ್ಕಿಯ ಕಣ್ಣಿಗೆ ಕಾಣುವಂತೆ ಬರೆದ ಚಿತ್ರ. ಅದನ್ನು ಬರೆದವನ ಗಮನವೆಲ್ಲ ಕೋಟೆಯ ಮೇಲೆ. ಕೋಟೆಯ ಬೆನ್ನ ಹಿಂದಿನ ನಾಡು ಅವನಿಗೆ ಬೇಕಾಗಿರಲಿಲ್ಲ. ಆ ನಾಡಿನ ಮೆಣಸಿಗಾಗಿಯೇ ಕೋಟೆ ಕಟ್ಟಿದ್ದರೆಂಬುದು ವಿನೋದದ ಸಂಗತಿ.

ಹದಿನೆಂಟನೆಯ ಶತಮಾನದಲ್ಲಿ ಆಂಗ್ಲರ ಭೂಪಟಗಳು ಬಂದವು. ರೆನೆಲನ ಹಿಂದೂಸ್ಥಾನದ ಭೂಪಟವು ೧೭೮೨ರಲ್ಲಿ ಪ್ರಕಟವಾಯಿತು. ಕರಾವಳಿಗೆ ನಾವಿಕರ ದಾಖಲೆಗಳನ್ನೂ ಒಳನಾಡಿಗೆ ಸೈನ್ಯಗಳು ನಡೆದ ದಾರಿಗಳ ಲೆಕ್ಕವನ್ನೂ ಆಧರಿಸಿ ಅದನ್ನು ರಚಿಸಲಾಗಿತ್ತು. ಕರಾರುವಾಕ್ಕಾದ ಅಳತೆ ನಡೆದುದು ಶ್ರೀರಂಗಪಟ್ಟಣದ ಪತನಾನಂತರ. ಕರ್ನಲ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಯನ್ನೂ, ಲ್ಯಾಂಬ್ಟನ್ನನು ತ್ರಿಕೋನಮಿತಿಯ ಮೋಜಣಿಯನ್ನೂ ಕೈಗೊಂಡರು. ಮದರಾಸಿನಿಂದ ಮಂಗಳೂರಿನವರೆಗಿನ ಅಗಲವು ಸುಮಾರು ೪೦೦ ಮೈಲಿ ಎಂದು ಅಲ್ಲಿಯವರೆಗಿನ ಭೂಪಟಗಳು ತೋರಿಸುತ್ತಿದ್ದವು. ಲ್ಯಾಂಬ್ಟನ್ನನ ಲೆಕ್ಕಕ್ಕೆ ಸಿಕ್ಕಿದ್ದು ಸುಮಾರು ೩೬೦ ಮೈಲಿ ಮಾತ್ರ. ೪೦ ಮೈಲಿ ನೆಲ ಕಾಗದದ ಮೇಲೆ ಮಾತ್ರ ಇದ್ದಿತು! ಹಳೆಯ ಭೂಪಟಗಳನ್ನು ನಂಬುವವರು ಈ ಪ್ರಸಂಗವನ್ನು ಮರೆಯಬಾರದು. ದಿಕ್ಕು, ಹೆಸರು, ಅನುಕ್ರಮ ಇವುಗಳಿಗೆ ಅವು ಉಪಯುಕ್ತ. ದೂರದ ಲೆಕ್ಕಕ್ಕೆ ೧೮೦೦ಕ್ಕಿಂತ ಮುಂಚಿನವನ್ನು ನೆಚ್ಚಿಕೊಳ್ಳುವಂತಿಲ್ಲ.

ಇದೇ ಸಂಧಿಕಾಲದಲ್ಲಿ, ೧೮೦೧ರ ಆರಂಭದಲ್ಲಿ, ಫ್ರಾನ್ಸಿಸ್ ಬುಕಾನನ್ನನು ಕನ್ನಡ ಜಿಲ್ಲೆಯಲ್ಲಿ ಸಂಚರಿಸಿದನು. ಅವನ ಮೂರು ಸಂಪುಟಗಳ ಗ್ರಂಥವು ೧೮೦೭ರಲ್ಲಿ ಭೂಪಟಸಹಿತವಾಗಿ ಹೊರಬಂದಿತು. ಅವನು ಕಂಡ ಹೊನ್ನಾವರ ಹಾಳುಬಿದ್ದ ಊರು. ೧೭೮೩ರ ಆದಿಯಲ್ಲಿ ಆಂಗ್ಲರ ಸೈನ್ಯವು ಅದನ್ನು ಹಿಡಿದಿತ್ತು. ಕ್ಯಾಪ್ಟನ್ ಟೋರಿಯಾನೋ ಎಂಬಾತನು ೧೭೮೪ರ ಮಂಗಳೂರು ಒಪ್ಪಂದದವರೆಗೂ ಮುತ್ತಿಗೆಯನ್ನು ತಡೆದುಕೊಂಡಿದ್ದನು. ಒಪ್ಪಂದದಂತೆ ಊರು ತನ್ನ ಕೈಗೆ ಮರಳಿದ ಮೇಲೆ ಟೀಪೂ ಸುಲ್ತಾನನು ಅದನ್ನು ಕೆಡವಿಸಿದನೆಂದು ಬುಕಾನನ್ ಬರೆಯುತ್ತಾನೆ. ಹೈದರನು ಯುದ್ಧನೌಕೆ ಕಟ್ಟಲು ಇಲ್ಲಿ ಹಡಗುಕಟ್ಟೆಯನ್ನು ಸ್ಥಾಪಿಸಿದ್ದನೆಂದೂ, ಮುಳುಗಿಸಲ್ಪಟ್ಟ ನೌಕೆಗಳ ಅವಶೇಷಗಳು ಹಿನ್ನೀರಿನಲ್ಲಿ ಇನ್ನೂ ಇದ್ದವೆಂದೂ ಅವನು ತಿಳಿಸುತ್ತಾನೆ. ಹೊನ್ನಾವರದ ಪೇಟೆಯಲ್ಲಿ ಎರಡು ಶತಮಾನಕ್ಕಿಂತ ಹಳೆಯ ಕಟ್ಟಡಗಳನ್ನು ಹುಡುಕುವವರು ಬುಕಾನನ್ನನ ಈ ಪುಟವನ್ನು ಮೊದಲು ಓದಬೇಕು.

ಕಟ್ಟಡಗಳು ಅಳಿದರೂ ಹೆಸರುಗಳು ಉಳಿಯುತ್ತವೆ. ೧೯೦೫ರ ಸುಧಾರಣೆಯ ಅನಂತರ ಸರ್ವೇಕ್ಷಣಾ ಇಲಾಖೆಯು ಒಂದು ಮೈಲಿಗೆ ಒಂದು ಅಂಗುಲದ ಪ್ರಮಾಣದಲ್ಲಿ ಬಣ್ಣದ ಹಾಳೆಗಳನ್ನು ಹೊರಡಿಸತೊಡಗಿತು. ಜನರು ಇವನ್ನು ಟೋಪೋಶೀಟ್ ಎನ್ನುತ್ತಾರೆ. ಅರಣ್ಯಕ್ಕೆ ಹಸಿರು, ಸಾಗುವಳಿಗೆ ಹಳದಿ, ನೀರಿಗೆ ನೀಲಿ, ಎತ್ತರವನ್ನು ತೋರುವ ಸಮೋನ್ನತಿ ರೇಖೆಗಳಿಗೆ ಕಂದು, ಊರು ರಸ್ತೆಗಳಿಗೆ ಕೆಂಪು. ಈ ಪ್ರಮಾಣದಲ್ಲಿ ಸಣ್ಣ ಸಣ್ಣ ಹಳ್ಳಿಗಳ ಹೆಸರೂ ಕಾಗದಕ್ಕೆ ಇಳಿದವು. ಮಾವಿನಕುರ್ವೆ, ಪಾವಿನಕುರ್ವೆ ಮುಂತಾದ ಹೆಸರುಗಳಲ್ಲಿರುವ ‘ಕುರ್ವೆ’ಗೆ ನೀರು ಸುತ್ತುವರಿದ ನೆಲವೆಂದು ಅರ್ಥ. ದಕ್ಷಿಣ ದಡದ ಕಾಸರಕೋಡಿನ ‘ಟೊಂಕ’ವು ಸಮುದ್ರಕ್ಕೂ ನದಿಗೂ ನಡುವೆ ಚಾಚಿಕೊಂಡ ಮರಳಿನ ನಾಲಗೆ. ಅಳಿವೆಯ ಮರಳು ಒಂದೆಡೆ ನಿಲ್ಲುವಂಥದಲ್ಲವಾದ್ದರಿಂದ ಬೇರೆ ಬೇರೆ ಕಾಲದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ದಡದ ಗೆರೆ ಸರಿಯಾಗಿ ಕೂಡುವುದಿಲ್ಲ. ಇದು ಮೋಜಣಿದಾರನ ತಪ್ಪೆಂದು ಭಾವಿಸಕೂಡದು.

ಹಳದೀಪುರದ ಕಥೆ ಇನ್ನೊಂದು ಬಗೆಯದು. ಬುಕಾನನ್ನನಿಗೆ ದೊರೆತ ವಿವರದಂತೆ ಆ ಊರಿನ ಮೂಲ ಹೆಸರು ಹಂದಿಪುರ. ಹೈದರನ ಕಾಲದಲ್ಲಿ ಅದು ಹಳದೀಪುರವಾಯಿತು. ಒಂದೆರಡು ಅಕ್ಷರಗಳನ್ನು ಮಾತ್ರ ಬದಲಿಸಿ ಊರಿನ ಅರ್ಥವನ್ನೇ ಬದಲಿಸಿದ ಈ ಜಾಣ್ಮೆಯನ್ನು ಮೆಚ್ಚಲೇಬೇಕು. ಭೂಪಟದಲ್ಲಿ ಹೊಸ ಹೆಸರೇ ಸ್ಥಿರವಾಯಿತು. ದರ್ಬಾರಿನ ಅಪ್ಪಣೆಯಿಂದ ಹೆಸರು ಹುಟ್ಟಬಲ್ಲದು, ಅಪ್ಪಣೆಯಿಲ್ಲದೆಯೂ ಸಾಯಬಲ್ಲದು.

ಇಷ್ಟು ಹೇಳಿದ ಮೇಲೆ ನದಿಯ ಮೇಲ್ಭಾಗಕ್ಕೆ ಸಾಗೋಣ. ಹೊನ್ನಾವರದಿಂದ ಗೇರುಸೊಪ್ಪೆಗೆ ಸುಮಾರು ೧೬ ಮೈಲಿ. ಈ ದೂರದುದ್ದಕ್ಕೂ ಭೂಪಟದಲ್ಲಿ ನದಿ ಅಗಲವಾಗಿ, ಅವಸರವಿಲ್ಲದೆ ಹರಿಯುತ್ತದೆ. ಎರಡೂ ಬದಿಯಲ್ಲಿ ಹಳದಿಯ ಗದ್ದೆಗಳು, ಅವುಗಳ ಹಿಂದೆ ಹಸಿರು ಗುಡ್ಡಗಳು. ಗೇರುಸೊಪ್ಪೆಯನ್ನು ದಾಟಿದೊಡನೆ ಚಿತ್ರ ಬದಲಾಗುತ್ತದೆ. ಕಂದು ರೇಖೆಗಳು ಒತ್ತೊತ್ತಾಗಿ ನದಿಯ ಇಕ್ಕೆಲಗಳನ್ನೂ ಅಮುಕುತ್ತವೆ. ಇನ್ನೂ ಮೇಲೆ ೮೩೦ ಅಡಿ ಧುಮುಕುವ ಜೋಗ. ಅರ್ಥಾತ್ ಸಮುದ್ರದಿಂದ ಬಂದ ದೋಣಿಯು ಹೋಗಬಲ್ಲ ಕೊಟ್ಟಕೊನೆಯ ಸ್ಥಳವೇ ಗೇರುಸೊಪ್ಪೆ. ಅಲ್ಲಿಂದ ಮುಂದೆ ಹೇರೆತ್ತುಗಳ ದಾರಿ, ಮಲೆಮನೆಯ ಘಟ್ಟ, ಘಟ್ಟದ ಮೇಲಿನ ಸೀಮೆ. ಸರಕು ಎತ್ತಿನ ಬೆನ್ನಿನಿಂದ ಇಳಿದು ದೋಣಿಯನ್ನೇರುವ ಸ್ಥಳದಲ್ಲಿ ತೂಕವಾಗಬೇಕು, ಸುಂಕ ಸಲ್ಲಬೇಕು, ಉಗ್ರಾಣ ಬೇಕು, ಹಣ ಕೊಡುವ ಸಾಹುಕಾರ ಬೇಕು. ಇಂಥ ಕಡೆ ಪೇಟೆ ಏಳುವುದು ಸಹಜವೆಂಬುದನ್ನು ವ್ಯಾಪಾರ ಬಲ್ಲ ವಾಚಕರಿಗೆ ವಿವರಿಸಬೇಕಾಗಿಲ್ಲ. ಕಾಡಿನ ನಡುವೆ ಇಷ್ಟೊಂದು ಬಸದಿಗಳನ್ನು ಯಾಕಾದರೂ ಕಟ್ಟಿದರೋ ಎಂದು ಯಾತ್ರಿಕರು ಅಚ್ಚರಿಪಡುವುದುಂಟು. ಕಟ್ಟಿದ ಕಾಲದಲ್ಲಿ ಅದು ಪೇಟೆ. ವ್ಯಾಪಾರ ಹೋದ ಮೇಲೆ ಕಾಡು ಬಂದಿತು.

ನಗಿರೆ ರಾಜ್ಯದ ಈ ಪೇಟೆಯ ವರ್ತಕರ ಕೈ ಎಷ್ಟು ದೂರ ಚಾಚಿತ್ತೆಂಬುದಕ್ಕೆ ಶ್ರವಣಬೆಳಗೊಳದ ಶಾಸನಗಳೇ ಸಾಕ್ಷಿ. ಗೇರುಸೊಪ್ಪೆಯ ಹಿರಿಯ ಅಯ್ಯಗಳ ಶಿಷ್ಯನಾದ ಗುಮ್ಮಟಣ್ಣನು ೧೪೧೨ರಲ್ಲಿ ಅಲ್ಲಿಗೆ ಬಂದು ಐದು ಬಸದಿಗಳ ಜೀರ್ಣೋದ್ಧಾರ ಮಾಡಿಸಿದನು. ೧೫೩೯ರಲ್ಲಿ ಗೇರುಸೊಪ್ಪೆಯ ಚವುಡಿಸೆಟ್ಟಿಯು ಬೆಳಗೊಳದವರ ಅಡವಿನಲ್ಲಿದ್ದ ಭೂಮಿಯನ್ನು ಬಿಡಿಸಿಕೊಟ್ಟು, ಅದಕ್ಕೆ ಪ್ರತಿಯಾಗಿ ಆಹಾರದಾನ ನಡೆಸುವಂತೆ ಕಟ್ಟುಮಾಡಿಸಿದನು. ಸಮುದ್ರದ ಮೆಣಸಿನ ಹಣ ಬೆಟ್ಟದ ಬುಡದ ದಾಸೋಹಕ್ಕೆ ಸಂದ ಬಗೆ ಇದು. ಸಾಲ ತೀರಿಸಿ ಬಡ್ಡಿ ಕೇಳದೆ ಅನ್ನ ಬಡಿಸಲು ಹೇಳಿದ ಆ ಸೆಟ್ಟಿಯ ಮನೆ ಗೇರುಸೊಪ್ಪೆಯ ಯಾವ ಕೇರಿಯಲ್ಲಿತ್ತೋ, ಯಾವ ಭೂಪಟವೂ ಹೇಳುವುದಿಲ್ಲ.

ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ೧೬೦೬ರ ಸುಮಾರಿಗೆ ಅವಳ ರಾಜ್ಯ ಕೆಳದಿಯ ವೆಂಕಟಪ್ಪ ನಾಯಕನ ವಶವಾಯಿತು. ೧೬೨೩ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಯಾತ್ರಿಕನು ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಹೋಗುವಾಗ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಯವರೆಗೆ ಬಂದನು. ಲೋಕವನ್ನು ಸುತ್ತಿದ ಅವನು ಈ ನದಿಯ ಸೊಬಗನ್ನು ಮನಸಾರೆ ಕೊಂಡಾಡಿದ್ದಾನೆ. ರಾಣಿಯ ರಾಜಧಾನಿಯಾಗಿದ್ದ ಹೆಸರಾಂತ ನಗರವು ಆಗಲೇ ಹಾಳಾಗಿತ್ತೆಂದೂ ಅವನೇ ಬರೆದಿದ್ದಾನೆ. ಇಪ್ಪತ್ತು ವರ್ಷಗಳೊಳಗೆ ಒಂದು ನಗರ ಮರಗಳ ಪಾಲಾಯಿತು. ರಾಣಿಯ ವಿಷಯವಾಗಿ ಅವನು ಕೇಳಿ ಬರೆದ ಹಗುರ ಮಾತುಗಳನ್ನು, ಗೆದ್ದವರ ಆಸ್ಥಾನಕ್ಕೆ ಹೊರಟಿದ್ದವನ ಕಿವಿಗೆ ಬಿದ್ದ ವದಂತಿಯೆಂದು ಬದಿಗಿಡುವುದು ಲೇಸು. ಹೊಳೆಯ ವಿಷಯದಲ್ಲಿ ಅವನು ಕಣ್ಣಾರೆ ಕಂಡದ್ದನ್ನು ಬರೆದಿದ್ದಾನೆ, ಅದಕ್ಕೆ ಬೆಲೆಯಿದೆ.

ನಗರ ಹಾಳಾದರೂ ಹೆಸರಿನ ಕೀರ್ತಿ ಮಾಯಲಿಲ್ಲವೆಂಬುದಕ್ಕೆ ಭೂಪಟದಲ್ಲೇ ಒಂದು ನಿದರ್ಶನ ಸಿಗುತ್ತದೆ. ಗೇರುಸೊಪ್ಪೆಯಿಂದ ದಾರಿಯಲ್ಲಿ ಸುಮಾರು ೧೮ ಮೈಲಿ ದೂರದಲ್ಲಿ, ಘಟ್ಟದ ಮೇಲಿರುವ ಜೋಗದ ಜಲಪಾತವನ್ನು ಆಂಗ್ಲರ ಭೂಪಟಗಳು ಬಹುಕಾಲ ಗೇರುಸೊಪ್ಪೆ ಜಲಪಾತವೆಂದೇ ತೋರಿಸಿದವು. ಆದರೆ ಗೇರುಸೊಪ್ಪೆ ಗ್ರಾಮದಿಂದ ಪೂರ್ವಕ್ಕೆ ಒಂದೂವರೆ ಮೈಲಿಯಲ್ಲಿ ನಿಜವಾದ ಹಳೆಯ ರಾಜಧಾನಿಯಿದ್ದ ಸ್ಥಳಕ್ಕೆ ಉಳಿದ ಹೆಸರು ನಗರಬಸ್ತಿಕೇರಿ. ಮೂರು ಪದಗಳ ಈ ಒಂದು ಹೆಸರು ಪುಟ್ಟ ಶಾಸನವೇ ಸರಿ. ನಗರವಿತ್ತು, ಬಸದಿಯಿತ್ತು, ಕೇರಿಯಿತ್ತು. ಇಲ್ಲಿ ‘ಬಸ್ತಿ’ ಎಂಬುದು ಬಸದಿಯ ಆಡುರೂಪ. ಹಿಂದಿಯಲ್ಲಿ ಬಸ್ತಿ ಎಂದರೆ ಜನವಸತಿ. ಉತ್ತರದೇಶದವರು ಈ ಹಾಳೆಯನ್ನು ಓದಿದಾಗ ಇದನ್ನು ಸಾಮಾನ್ಯ ವಸತಿಯ ಹೆಸರೆಂದು ಭಾವಿಸಿದರೆ ಅವರನ್ನು ದೂರುವಂತಿಲ್ಲ.

ಈ ನಗರದಲ್ಲಿ ಒಂದು ಲಕ್ಷ ಮನೆಗಳೂ ೮೪ ಬಸದಿಗಳೂ ಇದ್ದವೆಂಬ ಪ್ರತೀತಿ ಹಿಂದಿನಿಂದ ಬಂದಿದೆ. ಭಾಷಣಗಳಲ್ಲಿ ಈ ಸಂಖ್ಯೆಗಳನ್ನು ಅಭಿಮಾನದಿಂದ ಉಚ್ಚರಿಸುವುದೂ ಉಂಟು. ಭೂಪಟವನ್ನು ಮುಂದಿಟ್ಟುಕೊಂಡು ನೋಡಿದರೆ ನದಿಗೂ ಗುಡ್ಡಕ್ಕೂ ನಡುವೆ ಉಳಿಯುವ ಸಮನೆಲ ತೀರ ಸ್ವಲ್ಪ. ಲಕ್ಷ ಮನೆಗಳಿಗೆ ಅಲ್ಲಿ ಎಡೆಯಿಲ್ಲ. ಇದನ್ನು ಒಪ್ಪಿಕೊಳ್ಳುವುದರಿಂದ ಗೇರುಸೊಪ್ಪೆಯ ಗೌರವಕ್ಕೆ ಕುಂದಿಲ್ಲ. ನಾಲ್ಕು ದಿಕ್ಕಿಗೂ ಬಾಗಿಲು ತೆರೆದ, ನಾಲ್ಕು ಮುಖವಾಗಿ ಜಿನಬಿಂಬಗಳಿರುವ ಆ ಕಲ್ಲಿನ ಬಸದಿಯು ೧೫೮೬ರ ಕಾರ್ಕಳದ ಚತುರ್ಮುಖ ಬಸದಿಯೊಡನೆ ಹೋಲಿಸತಕ್ಕ ಕಟ್ಟಡ. ಅದರ ಹಿರಿಮೆಗೆ ಉತ್ಪ್ರೇಕ್ಷೆಯ ಆಸರೆ ಬೇಕಿಲ್ಲ.

ಚಿಂತಿಸಬೇಕಾದ ವಿಷಯ ಬೇರೆ ಇದೆ. ಟೋಪೋಶೀಟಿನ ಅಂಚಿನಲ್ಲಿ ಮುದ್ರಿಸಿರುವ ಸಂಕೇತಗಳ ಪಟ್ಟಿಯಲ್ಲಿ ದೇವಾಲಯ, ಇಗರ್ಜಿ, ಮಸೀದಿ, ಈದಗಾ, ಗೋರಿ ಇವುಗಳಿಗೆ ಚಿಹ್ನೆಗಳಿವೆ. ಬಸದಿಗೆ ಪ್ರತ್ಯೇಕ ಚಿಹ್ನೆಯಿಲ್ಲ. ಆದಕಾರಣ ಕರಾವಳಿಯ ಎಷ್ಟೋ ಬಸದಿಗಳು ಭೂಪಟದಲ್ಲಿ ದೇವಾಲಯದ ಚಿಹ್ನೆಯೊಳಗೆ ಸೇರಿಹೋಗುತ್ತವೆ. ಬಿದ್ದುಹೋದವುಗಳಿಗೆ ಆ ಚಿಹ್ನೆಯೂ ದಕ್ಕುವುದಿಲ್ಲ. ಇಲಾಖೆಯವರಿಗೆ ದ್ವೇಷವಿತ್ತೆಂದಲ್ಲ, ಮೋಜಣಿದಾರನು ಊರಿಗೆ ಬಂದಾಗ ಪಟೇಲ ಶ್ಯಾನುಭೋಗರು ಏನು ಹೇಳಿದರೋ ಅದನ್ನು ಬರೆದುಕೊಂಡನು. ಶ್ರಾವಕರ ಮನೆಯೇ ಉಳಿಯದ ಊರುಗಳಲ್ಲಿ ಹೇಳುವವರು ಯಾರಿದ್ದರು?

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಭೂಪಟಗಳು ಹೊನ್ನಾವರ ಹಿಂದೆ ಬಿದ್ದ ಬಗೆಯನ್ನೂ ತೋರಿಸುತ್ತವೆ. ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡ ಸೀಮೆಯ ಹತ್ತಿಯನ್ನು ಸಮುದ್ರಕ್ಕೆ ಇಳಿಸಲು ಘಟ್ಟದ ರಸ್ತೆಗಳಾದವು; ಅವು ಕುಮಟೆ ಕಾರವಾರಗಳತ್ತ ಇಳಿದವು. ಕುಮಟೆಯ ಹತ್ತಿ ಎಂದರೆ ಮುಂಬಯಿಯ ಪೇಟೆಯಲ್ಲಿ ಒ೦ದು ಮಾಲಿನ ಹೆಸರಾಯಿತು. ಒಂದೇ ಹಾಳೆಯಲ್ಲಿ, ಹತ್ತು ಹನ್ನೆರಡು ಮೈಲಿಗಳ ಅಂತರದಲ್ಲಿರುವ ಎರಡು ಬಂದರುಗಳ ಪೈಕಿ ರಸ್ತೆ ಬಂದದ್ದು ಬೆಳೆಯಿತು, ಹೊಳೆಯನ್ನೇ ನಂಬಿದ್ದು ಸೊರಗಿತು.

ಇತ್ತೀಚಿನ ಹಾಳೆಗಳು ೧:೫೦,೦೦೦ದ ಪ್ರಮಾಣದಲ್ಲಿವೆ. ಹಿಂದೆ ಕಡವಿನ ದೋಣಿ ದಾಟಿಸುತ್ತಿದ್ದ ನದಿಗೆ ಈಗ ರಸ್ತೆಯ ಸೇತುವೆಯಿದೆ. ೧೯೯೮ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆಯ ಸೇತುವೆಯು ಎರಡು ಕಿಲೋಮೀಟರಿಗೂ ಮಿಗಿಲಾದ ಉದ್ದದ್ದು. ಮೇಲೆ ೧೯೬೪ರ ಲಿಂಗನಮಕ್ಕಿ ಜಲಾಶಯ, ಗೇರುಸೊಪ್ಪೆಯ ಬಳಿ ಇನ್ನೊಂದು ಅಣೆಕಟ್ಟು. ಕರಾವಳಿಯ ಹಾಳೆಗಳು ಬಹುಕಾಲ ಸಾರ್ವಜನಿಕರಿಗೆ ಸುಲಭವಾಗಿ ದೊರೆಯುತ್ತಿರಲಿಲ್ಲ. ೨೦೦೫ರ ರಾಷ್ಟ್ರೀಯ ಭೂಪಟ ನೀತಿಯ ಅನಂತರ ಸಾರ್ವಜನಿಕರಿಗಾಗಿ ಪ್ರತ್ಯೇಕ ಶ್ರೇಣಿ ಬಂದಿತು. ೨೦೧೭ರಲ್ಲಿ ಅವನ್ನು ಉಚಿತವಾಗಿ ಗಣಕಯಂತ್ರದ ಮೂಲಕ ಪಡೆಯುವ ವ್ಯವಸ್ಥೆಯೂ ಆಯಿತು.

ಬಸದಿಗಳ ಆಡಳಿತ ನೋಡುವ ಸಮಿತಿಗಳು ತಮ್ಮ ಸೀಮೆಯ ಒಂದು ಹಾಳೆಯನ್ನು ತರಿಸಿ, ಅದರ ಮೇಲೆ ನಿಂತಿರುವ ಬಸದಿ, ಬಿದ್ದಿರುವ ಬಸದಿ, ನಿಷಿಧಿ, ಮಾನಸ್ತಂಭ, ಶಾಸನದ ಕಲ್ಲು ಇವುಗಳನ್ನು ಗುರುತು ಮಾಡಿಡುವುದು ಹೆಚ್ಚಿನ ವೆಚ್ಚದ ಕೆಲಸವೇನಲ್ಲ. ತಾಲ್ಲೂಕಿನ ಭೂಮಾಪನ ಕಚೇರಿಯಲ್ಲಿರುವ ಗ್ರಾಮದ ನಕಾಶೆಯಲ್ಲಿ ಪ್ರತಿ ಹೊಲದ ಎಲ್ಲೆಯೂ ಸರ್ವೆ ನಂಬರೂ ಇರುತ್ತವೆ. ಅದರೊಡನೆ ತಾಳೆ ನೋಡಿದರೆ ಬಸದಿಯ ಹಳೆಯ ಉಂಬಳಿಯ ನೆಲೆಯೂ ಗೊತ್ತಾಗುವ ಸಂಭವವಿದೆ. ಊರಿನ ವೃದ್ಧರು ‘ಬಸ್ತಿಗದ್ದೆ’, ‘ಬಸ್ತಿಹಕ್ಕಲು’ ಎನ್ನುವಂಥ ಹೆಸರುಗಳನ್ನು ಆಡುತ್ತಿರುವಾಗಲೇ ಈ ಕೆಲಸ ಆಗಬೇಕು. ಗೇರುಸೊಪ್ಪೆಯ ಮಟ್ಟಿಗೆ ಚತುರ್ಮುಖ ಬಸದಿಯು ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿದೆ, ಜ್ವಾಲಾಮಾಲಿನಿ ಅಮ್ಮನವರ ಸನ್ನಿಧಿಯಲ್ಲಿ ಪೂಜೆ ನಡೆಯುತ್ತಿದೆ. ದೋಣಿಗಳು ಬಂದು ನಿಲ್ಲುತ್ತಿದ್ದ ಘಟ್ಟೆ ಎಲ್ಲಿತ್ತು, ಹೇರೆತ್ತುಗಳು ಇಳಿಯುತ್ತಿದ್ದ ದಾರಿ ಯಾವ ಕಣಿವೆಯಲ್ಲಿ ಬಂದು ಪೇಟೆಯನ್ನು ಸೇರುತ್ತಿತ್ತು ಎಂಬುದನ್ನು ಹಾಳೆಯನ್ನು ಕೈಯಲ್ಲಿ ಹಿಡಿದು, ದಡದುದ್ದಕ್ಕೂ ನಡೆದು ಗುರುತಿಸುವ ಕೆಲಸ ಬಾಕಿ ಇದೆ. ಮಳೆ ನಿಂತು ಹುಲ್ಲು ಒಣಗುವ ಮಾಘ ಫಾಲ್ಗುಣ ಮಾಸಗಳು ಅದಕ್ಕೆ ಅನುಕೂಲ.